ಲೇಪಕ್ಕನ ಒಂದು ಹನಿ

ಲೇಪಕ್ಕನಿಗೆ ನಗು ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಏನೋ ಒಂದೆರಡು ಹನಿ ಎಂದುಕೊಳ್ಳಬೇಡಿ, ನಲ್ಲಿ ಬಿಟ್ಟಂತೆ ಬರುತ್ತಿತ್ತು. ಅದು ಅವಳ ಹುಟ್ಟುಗುಣ. ಶಾಲೆಯಲ್ಲಿದ್ದಾಗ ಪಾಠದ ನಡುವೆ ನಕ್ಕು, ಕಣ್ಣೊರೆಸಿಕೊಳ್ಳುತ್ತಾ ತರಗತಿಯ ಹೊರಗೆ ನಿಂತದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮದುವೆಯ ದಿನ ಫೋಟೊ ತೆಗೆಯುವವನು ಹಿಂದೆ ಹಿಂದೆ ಸರಿಯುತ್ತಾ ಹೋಗಿ ಕುರ್ಚಿಗಳ ಸಾಲಿನ ಮೇಲೆ ಅಂಗಾತ ಬಿದ್ದ. ಆಮೇಲಿನ ಅಷ್ಟೂ ಫೋಟೊಗಳಲ್ಲಿ ಮದುವಣಗಿತ್ತಿಯ ಮೂಗು ಕೆಂಪು, ಕಣ್ಣು ಊದಿದೆ. ಆಲ್ಬಮ್ ನೋಡಿದವರೆಲ್ಲ ‘ಪಾಪ, ತವರು ಬಿಟ್ಟು ಬರುವ ಸಂಕಟ’ ಎನ್ನುತ್ತಾರೆ. ಗಂಡ ತಿದ್ದಲು ಹೋಗುವುದಿಲ್ಲ.

ಇಂಥವಳ ಕೈಗೆ ಬಂದ ಕೆಲಸವಾದರೂ ಎಂಥದ್ದು? ಒಂದು ಕೂದಲೆಳೆ ಬೀಳಬಾರದು, ಬೆರಳಿನ ಗುರುತು ಮೂಡಬಾರದು, ಎಂಜಲಿನ ಹನಿ ಹಾರಬಾರದು. ಅಂಥ ಕೆಲಸ.

ಅವಳ ಪ್ರಯೋಗಾಲಯ ಹಿಂದೊಮ್ಮೆ ಬಸ್ಸುಗಳನ್ನು ದುರಸ್ತಿ ಮಾಡುತ್ತಿದ್ದ ಶೆಡ್ಡು. ಜೋರು ಮಳೆ ಬಂದರೆ ಈಗಲೂ ಗೋಡೆಯಿಂದ ಡೀಸೆಲ್ ವಾಸನೆ ಬರುತ್ತದೆ. ಶೆಡ್ಡಿನ ಉದ್ದಕ್ಕೂ ಒಂದು ಉಕ್ಕಿನ ಕೊಳವೆ ಮಲಗಿದೆ. ಅದರೊಳಗೆ ಗಾಳಿಯನ್ನೂ ಉಳಿಸಿಲ್ಲ, ಎಲ್ಲ ಹೀರಿ ತೆಗೆದಿದ್ದಾರೆ. ಕೊಳವೆಯ ಒಂದು ತುದಿಯಲ್ಲಿ ನಾಣ್ಯದಗಲದ ಒಂದು ಲೋಹದ ಬಿಲ್ಲೆ. ಆ ಬಿಲ್ಲೆಗೆ ಬಿಳಿ ಲೇಪ ಹಚ್ಚುವುದೇ ನಮ್ಮ ಲೇಪಕ್ಕನ ಕೆಲಸ. ಪೊಟ್ಯಾಸಿಯಂ ಬೆರೆಸಿದ ಗಾಜಿನಂಥ ಮಣ್ಣನ್ನು ನುಣ್ಣಗೆ ಅರೆದು, ಕಲಸಿ, ಕುಂಚದಲ್ಲಿ ಪದರ ಪದರವಾಗಿ ಹಚ್ಚಿ, ಆರಿಸಿ, ಕುಲುಮೆಯಲ್ಲಿ ಸುಡಬೇಕು. ಒಂದು ಬಿಲ್ಲೆಗೆ ಒಂಬತ್ತು ದಿನ. ಆಮೇಲೆ ಅದನ್ನು ಯಂತ್ರದೊಳಗಿಟ್ಟು ಬೆಳ್ಳಗೆ ಉರಿಯುವಷ್ಟು ಕಾಯಿಸಿ ವಿದ್ಯುತ್ತಿನಲ್ಲಿ ಎಳೆದರೆ, ಲೇಪದಿಂದ ಪೊಟ್ಯಾಸಿಯಂ ಅಯಾನುಗಳು ಎದ್ದು ಓಡುತ್ತವೆ. ಅಯಾನು ಎಂದರೆ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಸಿಡಿಮಿಡಿಗುಟ್ಟುತ್ತಿರುವ ಪರಮಾಣು. ಕೋಟಿ ಕೋಟಿ ಅಯಾನುಗಳು ಹೀಗೆ ಸಾಲಾಗಿ ಓಡಿದರೆ ಅದಕ್ಕೆ ಅಲ್ಲಿಯವರು ಬೀಮ್ ಎನ್ನುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಅವಳಿಗೆ ಇದೆಲ್ಲ ಗೊತ್ತಿರಲಿಲ್ಲ. ಮನೆ ಬಾಗಿಲಿಗೆ ಹೊಡೆಯುವ ನಂಬರಿನ ತಗಡಿಗೆ ಬಣ್ಣ ಹಚ್ಚಿ ಸುಡುವ ಕಾರ್ಖಾನೆಯೊಂದರಲ್ಲಿ ಅವಳಿದ್ದಳು. ಕಾರ್ಖಾನೆ ಮುಚ್ಚಿತು. ‘ಸಮನಾಗಿ ಲೇಪ ಹಚ್ಚಬಲ್ಲವರು ಬೇಕಾಗಿದ್ದಾರೆ’ ಎಂಬ ಎರಡು ಸಾಲಿನ ಜಾಹೀರಾತು ನೋಡಿ ಇಲ್ಲಿಗೆ ಬಂದಳು. ಪರೀಕ್ಷೆ ಮಾಡಿದವರು ಮೇಷ್ಟ್ರು. ಅವರು ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ, ಹಿರಿಯ ವಿಜ್ಞಾನಿ. ಆದರೆ ನೀರು ಕೊಡಲು ಬಂದವರನ್ನೂ ಕೂರಿಸಿಕೊಂಡು, ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸುತ್ತಾ ಪಾಠ ಹೇಳುತ್ತಿದ್ದರಿಂದ ಮೇಷ್ಟ್ರಾದರು. ಅವಳು ಹಚ್ಚಿದ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣ್ಣು ತೆಗೆಯದೆಯೇ ‘ಲೇಪಕ್ಕಾ, ನಾಳೆಯಿಂದ ಬಂದ್ಬಿಡಿ’ ಎಂದರು. ಹೆಸರು ಅಂದೇ ಅಂಟಿಕೊಂಡಿತು. ಈಗ ಮನೆಯಲ್ಲಿ ಅವಳ ಅತ್ತೆ ಕೂಡ ಹಾಗೇ ಕರೆಯುತ್ತಾರೆ.

‘ಇದರಿಂದ ಏನು ಉಪಯೋಗ ಮೇಷ್ಟ್ರೇ?’ ಎಂದು ಅವಳು ಮೊದಲ ವಾರವೇ ಕೇಳಿದ್ದಳು. ಕೇಳಬಾರದಿತ್ತು. ಆ ದಿನ ಊಟ ತಪ್ಪಿತು.

‘ನೋಡಮ್ಮ, ಕಾಳುಮೆಣಸಿನಷ್ಟು ಒಂದು ಗುಳಿಗೆ ಅಂದ್ಕೋ. ಅದರೊಳಗೆ ಜಲಜನಕ. ಸುತ್ತಲಿಂದ ಅಯಾನುಗಳಲ್ಲಿ ಹೊಡೆದು, ಹಿಂಡಿ, ಕಾಯಿಸಿದ್ರೆ ಪರಮಾಣುಗಳು ಒಂದಕ್ಕೊಂದು ಬೆರೆತು ಶಕ್ತಿ ಬಿಡ್ತವೆ. ಸೂರ್ಯನ ಹೊಟ್ಟೇಲಿ ಆಗೋದೂ ಅದೇ. ಒಂದಾದ ಮೇಲೊಂದು ಗುಳಿಗೆ ಸುಡ್ತಾ ಹೋದ್ರೆ ಊರಿಗೆಲ್ಲ ಕರೆಂಟು.’

‘ಹೊಡೆದ್ರೆ ಆಯ್ತಲ್ಲ, ಕಷ್ಟ ಏನು?’

‘ಅಯಾನುಗಳು ಒಂದರ ಮುಖ ಒಂದು ನೋಡಲ್ಲ. ಹತ್ತಿರ ಬಂದ್ರೆ ತಳ್ಳಾಡ್ತವೆ. ಅವನ್ನೆಲ್ಲ ಒಂದೇ ಕ್ಷಣಕ್ಕೆ, ಒಂದೇ ಜಾಗಕ್ಕೆ ಸೇರಿಸ್ಬೇಕು. ಒಬ್ಬೊಬ್ಬರಾಗಿ ಬಂದ್ರೆ ಬರೀ ಕಚಗುಳಿ ಕಣಮ್ಮ. ಒಟ್ಟಿಗೆ ಬಂದ್ರೆ ಏಟು!’

ಇವರ ಯಂತ್ರದಲ್ಲಿ ಗುಳಿಗೆ ಇರಲಿಲ್ಲ. ಅದಕ್ಕೆ ಇಂಥ ಕೊಳವೆಗಳು ಎಷ್ಟೋ ಬೇಕು, ಇನ್ನೂ ಎಷ್ಟೋ ವರ್ಷ ಬೇಕು. ಇಲ್ಲಿ ಕಲಿಯುತ್ತಿದ್ದದ್ದು ಒಟ್ಟಿಗೆ ಬರುವ ವಿದ್ಯೆಯೊಂದನ್ನೇ. ಸಾಲಿನ ಮುಂದಿದ್ದ ಅಯಾನುಗಳನ್ನು ಸ್ವಲ್ಪ ತಡೆದು, ಹಿಂದಿದ್ದವನ್ನು ಸ್ವಲ್ಪ ನೂಕಿದರೆ, ಹಿಂದಿನವು ಮುಂದಿನವನ್ನು ಗುರಿಯ ಹತ್ತಿರ ಸರಿಯಾಗಿ ಹಿಡಿದುಬಿಡುತ್ತವೆ. ದಾರಿಯಲ್ಲಿ ಜಗಳವಾಡದಿರಲಿ ಎಂದು ನಡುವೆ ಪ್ಲಾಸ್ಮಾ ತುಂಬಿಸಿರುತ್ತಾರೆ. ಅದರಲ್ಲಿರುವ ಎಲೆಕ್ಟ್ರಾನುಗಳು ಅಯಾನುಗಳ ನಡುವೆ ನುಗ್ಗಿ ಎಲ್ಲರನ್ನೂ ಸಮಾಧಾನ ಮಾಡುತ್ತವೆ. ಹತ್ತೊಂಬತ್ತು ವರ್ಷ ಕೇಳಿ ಕೇಳಿ ಲೇಪಕ್ಕ ಇದನ್ನು ತರಕಾರಿ ಅಂಗಡಿಯವಳಿಗೂ ಹೇಳಿದ್ದಳು.

ಈಗ ಕಥೆಗೆ ಬರೋಣ. ಈ ವರ್ಷ ಶೆಡ್ಡಿಗೆ ಒಂದು ದೊಡ್ಡ ಮರದ ಪೆಟ್ಟಿಗೆ ಬಂದು ಲೇಪದ ಕೋಣೆಯ ಎದುರಿಗೇ ಕೂತಿತು. ಅದರೊಳಗೆ ತಾನಾಗಿ ಲೇಪ ಹಾಕುವ ಯಂತ್ರವಿತ್ತು. ತರಿಸಿದವರು ಮೇಡಂ, ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಮೇಡಂ ನಕ್ಕಿದ್ದನ್ನು ಕಂಡವರು ಅಲ್ಲಿ ಯಾರೂ ಇರಲಿಲ್ಲ. ಗುರುತಿನ ಚೀಟಿಯ ಫೋಟೊ ತೆಗೆಯುವವನು ‘ಸ್ವಲ್ಪ ನಗಿ ಮೇಡಂ’ ಎಂದದ್ದಕ್ಕೆ ‘ಕಾರಣ?’ ಎಂದು ಕೇಳಿದವರು ಅವರು.

ಮೇಡಂ ಮಾತು ಚಿಕ್ಕದು. ‘ಬೀಮಿನ ಮುಂದಿನ ಓಟಕ್ಕೆ ನೀವೇ ಬಿಲ್ಲೆ ಮಾಡಿ. ಬೀಮು ಹಿಂದಿನಷ್ಟೇ ಶುದ್ಧವಾಗಿ ಬಂದ್ರೆ ಈ ಕೋಣೆ ನಿಮ್ಮದು. ಇಲ್ಲಾಂದ್ರೆ ಪೆಟ್ಟಿಗೆ ಬಿಚ್ತೀವಿ. ನಿಮ್ಮನ್ನ ಕಡತದ ವಿಭಾಗಕ್ಕೆ ಹಾಕ್ತೀನಿ.’

ಲೇಪಕ್ಕ ಪೆಟ್ಟಿಗೆಯ ಕಡೆ ನೋಡಿದಳು. ಕಡತದ ವಿಭಾಗದಲ್ಲಿ ಕಿಟಕಿಯಿಲ್ಲ, ಕುಲುಮೆಯಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ. ಕುಂಚ ಹಿಡಿದಾಗ ಅವಳಿಗೆ ತಾನು ಎಷ್ಟು ವರ್ಷದವಳೆಂಬುದು ಮರೆತುಹೋಗುತ್ತಿತ್ತು. ಆ ಕೋಣೆ ಅವಳಿಗೆ ಬರೀ ಕೆಲಸದ ಜಾಗವಾಗಿರಲಿಲ್ಲ, ಇಡೀ ದಿನದಲ್ಲಿ ಅವಳಿಗೆ ಅತ್ಯಂತ ಇಷ್ಟವಾದ ಜಾಗವಾಗಿತ್ತು. ಅದು ಹೋಗಬಾರದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಿಲ್ಲೆಯ ಕೆಲಸಕ್ಕೆ ಕೂತಳು.

ಎಂಟು ದಿನ ಎಲ್ಲ ಸುಸೂತ್ರ. ಒಂಬತ್ತನೆಯ ದಿನ ಕೊನೆಯ ಪದರ ಹಚ್ಚುತ್ತಿದ್ದಾಗ ಮೇಷ್ಟ್ರಿಗೆ ಪಾಠದ ಹುಚ್ಚು ಹತ್ತಿತು.

ಅಂದು ವಿದ್ಯುತ್ ಮಂಡಳಿಯ ಹತ್ತು ಮಂದಿ ಅಧಿಕಾರಿಗಳು ನೋಡಲು ಬಂದಿದ್ದರು. ಮೇಷ್ಟ್ರು ಹಲಗೆಯ ಮೇಲೆ ಬರೆದರು, ಕೈ ಆಡಿಸಿದರು, ಅಧಿಕಾರಿಗಳು ಆಕಳಿಸಿದರು. ‘ಬನ್ನಿ, ಕಣ್ಣಾರೆ ತೋರಿಸ್ತೀನಿ’ ಎಂದು ಎಲ್ಲರನ್ನೂ ಶೆಡ್ಡಿನೊಳಗಿನ ಉದ್ದನೆಯ ಓಣಿಗೆ ಕರೆತಂದರು. ಓಣಿಯ ಒಂದು ಕೊನೆಯಲ್ಲಿ ಅಗಲ ಕಿರಿದಾದ ಒಂದು ಬಾಗಿಲು. ಅದರ ಪಕ್ಕದಲ್ಲೇ ಲೇಪದ ಕೋಣೆಯ ಗಾಜಿನ ಕಿಟಕಿ.

ಅಯಾನುಗಳಾಗಲು ಆರು ಜನ ಸಿಕ್ಕರು. ಉಗ್ರಾಣದವರು ಎಲ್ಲರಿಗಿಂತ ದಪ್ಪ, ಮೇಷ್ಟ್ರು ಅವರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ ‘ಮೆಲ್ಲಗೆ ನಡೀರಿ’ ಎಂದರು. ಅವರ ಹಿಂದೆ ಕ್ಯಾಂಟೀನಿನ ಅಡುಗೆಯವರು, ಬೆಸುಗೆಯವರು, ಇಬ್ಬರು ಗುಮಾಸ್ತರು. ಕಟ್ಟಕಡೆಗೆ ಕಾವಲುಗಾರರು. ಅವರು ವಯಸ್ಸಿನಲ್ಲಿದ್ದಾಗ ಓಟದ ಪಂದ್ಯ ಗೆದ್ದವರು, ಸಮವಸ್ತ್ರದ ಟೋಪಿ ತೆಗೆದಿಟ್ಟು ಚಡ್ಡಿ ಹಾಕಿದ ಹುಡುಗನ ಹಾಗೆ ಬಗ್ಗಿ ನಿಂತರು. ಹಿಂದಿದ್ದವರು ಹೆಚ್ಚು ಹೆಚ್ಚು ಬಿರುಸಾಗಿ ಓಡಬೇಕು, ಎಲ್ಲರೂ ಬಾಗಿಲನ್ನು ಒಂದೇ ಕ್ಷಣಕ್ಕೆ ಮುಟ್ಟಬೇಕು. ಮೇಷ್ಟ್ರು ಸೀಟಿ ಊದಿದರು.

ಮೊದಲ ಸಲ ಕಾವಲುಗಾರರು ಎಲ್ಲರನ್ನೂ ಹಿಂದೆ ಹಾಕಿ ಒಬ್ಬರೇ ಬಂದು ಕೈಯೆತ್ತಿ ನಿಂತರು. ಎರಡನೆಯ ಸಲ ಉಗ್ರಾಣದವರು ನಡುವೆ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಮೂರನೆಯ ಸಲ ಅಡುಗೆಯವರಿಗೆ ಒಲೆಯ ಮೇಲಿನ ಹಾಲು ನೆನಪಾಗಿ ಹಿಂದಕ್ಕೆ ಓಡಿದರು. ಗಾಜಿನ ಈಚೆ ಲೇಪಕ್ಕನಿಗೆ ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ರಕ್ಷಣೆಯ ಕನ್ನಡಕದೊಳಗೆ ಮಂಜು ಕವಿಯಿತು. ಕುಂಚ ಕೈಯಲ್ಲಿದೆ, ಪದರ ಅರ್ಧವಾಗಿದೆ, ಏನೂ ಕಾಣುತ್ತಿಲ್ಲ. ಅವಳು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದಳು. ಗೋಡೆಯ ಮೇಲೆ ‘ಕನ್ನಡಕ ತೆಗೆಯುವವರು ಹೊರಗೆ ಹೋಗಿ ತೆಗೆಯಿರಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬರೆದವಳು ಅವಳೇ.

ನಾಲ್ಕನೆಯ ಸಲ ಮೇಷ್ಟ್ರು ಉತ್ಸಾಹ ತಾಳಲಾರದೆ ತಾವೇ ಏಳನೆಯ ಅಯಾನಾಗಿ ಸೇರಿಕೊಂಡರು. ಆ ಸಲ ಎಲ್ಲ ಸರಿಹೋಯಿತು. ಅಣೆಕಟ್ಟು ಒಡೆದಂತೆ ಏಳು ಜನರೂ ಒಂದೇ ಕ್ಷಣಕ್ಕೆ ಬಾಗಿಲಿಗೆ ಬಂದರು. ಒಂದಂಗುಲ ಹಿಂದಿಲ್ಲ, ಒಂದಂಗುಲ ಮುಂದಿಲ್ಲ. ಆದರೆ ಆ ಬಾಗಿಲಲ್ಲಿ ಒಬ್ಬರು ಹಿಡಿಯುವುದೇ ಕಷ್ಟ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅದೇ ಕ್ಷಣಕ್ಕೆ ಆ ಕಡೆಯಿಂದ ಬಾಗಿಲು ತೆಗೆದು, ದಪ್ಪನೆಯ ಕಡತವೊಂದನ್ನು ಎದೆಗವಚಿಕೊಂಡು ಮೇಡಂ ಒಳಗೆ ಕಾಲಿಟ್ಟರು.

ಆಮೇಲೆ ನಡೆದದ್ದನ್ನು ಲೇಪಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಮೇಡಂ ಮಾಯವಾದರು. ಅವರಿದ್ದ ಜಾಗದಲ್ಲಿ ಏಳು ಜನರ ರಾಶಿ ಬಿದ್ದಿತ್ತು. ಕಡತದ ಹಾಳೆಗಳು ಮೇಲಕ್ಕೆ ಹಾರಿ, ಒಂದೊಂದಾಗಿ, ನಿಧಾನವಾಗಿ, ಎಷ್ಟೋ ಹೊತ್ತು ಕೆಳಗಿಳಿಯುತ್ತಲೇ ಇದ್ದವು. ರಾಶಿಯ ನಡುವಿನಿಂದ ಮೇಷ್ಟ್ರ ದನಿ ಬಂತು: ‘ಅಯ್ಯೋ, ಪ್ಲಾಸ್ಮಾ ಮರೆತೆ!’ ಎಲ್ಲಕ್ಕಿಂತ ಅಡಿಯಿಂದ, ಒಂದಿಷ್ಟೂ ಏರಿಳಿತವಿಲ್ಲದೆ, ಮೇಡಂ ದನಿ ಬಂತು: ‘ಇದು ಯಾವ ಪ್ರಯೋಗ?’

ಅಷ್ಟೇ. ಲೇಪಕ್ಕನ ಹೊಟ್ಟೆ ಹುಣ್ಣಾಯಿತು. ಮೇಜನ್ನು ಹಿಡಿದುಕೊಂಡು ಬಗ್ಗಿದಳು, ಉಸಿರು ಕಟ್ಟಿತು, ಕಣ್ಣಿನಿಂದ ನೀರು ಹೊರಟಿತು. ಹೊರಟದ್ದರಲ್ಲಿ ಒಂದು ಹನಿ ಮೂಗಿನ ತುದಿಗೆ ಬಂದು, ಒಂದು ಗಳಿಗೆ ಯೋಚಿಸಿ, ಬಿಲ್ಲೆಯ ಮೇಲೆ ಬಿತ್ತು.

ಬಿಳಿ ಲೇಪದ ಮೇಲೆ ಒಂದು ಒದ್ದೆ ವೃತ್ತ. ನೋಡನೋಡುತ್ತಿದ್ದಂತೆ ಇಂಗಿಹೋಯಿತು. ಅವಳ ನಗು ಗಕ್ಕನೆ ನಿಂತಿತು.

ಹೊಸದು ಮಾಡಬೇಕೆಂದರೆ ಇನ್ನೊಂಬತ್ತು ದಿನ. ಬೀಮಿನ ಓಟ ಇದ್ದದ್ದು ನಾಲ್ಕನೆಯ ದಿನಕ್ಕೆ. ಕಣ್ಣ ಮುಂದೆ ಕಿಟಕಿಯಿಲ್ಲದ ಕಡತದ ವಿಭಾಗ ಬಂದು ನಿಂತಿತು. ಒಂದು ಹನಿ ತಾನೇ, ಕುಲುಮೆಯ ಬೆಂಕಿಗೆ ಉಳಿಯುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಬಿಲ್ಲೆಯನ್ನು ಕುಲುಮೆಯೊಳಗಿಟ್ಟು ಬಾಗಿಲು ಮುಚ್ಚಿದಳು. ಬಾಯಿಗೂ ಬೀಗ ಹಾಕಿಕೊಂಡಳು.

ನಾಲ್ಕನೆಯ ದಿನ ಓಟವಾಯಿತು. ಅಳತೆಯ ಕೋಣೆಯಲ್ಲಿ ಕೂರುವವಳು ಒಬ್ಬ ಚುರುಕು ಹೆಂಗಸು, ಎಲ್ಲರಿಗೂ ಅವಳು ಅಳತೆಗಾರ್ತಿ. ಬೀಮು ಗುರಿಗೆ ಬಂದು ಬಡಿದದ್ದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವುದು ಅವಳ ಕೆಲಸ. ಯಾವತ್ತೂ ಆ ಗೆರೆಯಲ್ಲಿ ಚೂಪಾದ ಒಂದೇ ಒಂದು ಗುಡ್ಡ ಇರುತ್ತಿತ್ತು. ಅಂದು ಗುಡ್ಡದ ಮುಂದೆ ಒಂದು ಮರಿ ಉಬ್ಬು ಕಂಡಿತು. ಯಾರೋ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಅರ್ಧದಷ್ಟು ಮುಂಚೆಯೇ ಬಂದು ಕೂತಿದ್ದಾರೆ. ಮತ್ತೆ ಓಡಿಸಿದರು. ಮತ್ತೆ ಉಬ್ಬು.

ಲೇಪಕ್ಕ ಬಿಲ್ಲೆಯ ಮಾತು ಬರುತ್ತದೆಂದು ಕಾಯುತ್ತಾ ನಿಂತಳು. ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಬಿಲ್ಲೆ ತಪ್ಪಿದ್ದೇ ಇರಲಿಲ್ಲ, ಯಾರಿಗೂ ಅತ್ತ ಗುಮಾನಿಯೇ ಹೋಗಲಿಲ್ಲ.

‘ನಿನ್ನ ಕೇಬಲ್‌ನಲ್ಲಿ ಎಲ್ಲೋ ಸುಳ್ಳು ಸಂಕೇತ ಹುಟ್ತಿದೆ’ ಎಂದರು ಮೇಷ್ಟ್ರು ಅಳತೆಗಾರ್ತಿಗೆ. ‘ಅಳತೇನೇ ಹೀಗಾದ್ರೆ ನಾಲ್ಕು ತಿಂಗಳ ಅಂಕಿ ಯಾವುದನ್ನೂ ನಂಬೋ ಹಾಗಿಲ್ಲ’ ಎಂದರು ಮೇಡಂ. ‘ಎರಡು ದಿನ ಕೊಡ್ತೀನಿ. ಸರಿಹೋಗದಿದ್ರೆ ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿ.’

ಎರಡು ದಿನವೂ ಅಳತೆಗಾರ್ತಿ ಕೊಳವೆಯ ಅಡಿಯಲ್ಲಿ ಅಂಗಾತ ಮಲಗಿ ಒಂದೊಂದೇ ಕೇಬಲ್ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದಳು. ಲೇಪಕ್ಕ ಆ ದಾರಿಯಲ್ಲಿ ಹೋದಾಗಲೆಲ್ಲ ಕೆಳಗಿನಿಂದ ಎರಡು ಕಾಲು ಕಾಣುತ್ತಿದ್ದವು. ‘ಅಕ್ಕಾ, ಸ್ವಲ್ಪ ಆ ಟಾರ್ಚ್ ಕೊಡ್ತೀರಾ?’ ಎಂಬ ದನಿ ಸಲದಿಂದ ಸಲಕ್ಕೆ ಸಣ್ಣದಾಗುತ್ತಿತ್ತು. ಟಾರ್ಚ್ ಕೊಟ್ಟು ಲೇಪಕ್ಕ ಬೇಗ ಬೇಗ ಅಲ್ಲಿಂದ ಸರಿದುಬಿಡುತ್ತಿದ್ದಳು. ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡಳು.

ಮನೆಯಲ್ಲಿ ಗಂಡ ದರ್ಜಿ. ನಡುಮನೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದಿನವಿಡೀ ಕೂರುವವನು. ಹಾಗಾಗಿ ಮಾತು ಕಡಿಮೆ. ಮಾತಿನ ಖಾತೆ ಪೂರ್ತಿ ಅವನ ತಾಯಿಯದು.

‘ಏನೋ ಇದು, ಎರಡು ದಿನದಿಂದ ಇವಳು ನಕ್ಕಿಲ್ಲ’ ಎಂದರು ಅತ್ತೆ. ‘ನಿನ್ನೆ ನಾನು ಕನ್ನಡಕ ಹಾಕ್ಕೊಂಡೇ ಮನೆಯೆಲ್ಲ ಕನ್ನಡಕ ಹುಡುಕ್ದೆ. ಹುಡುಕಿ ಕೊಟ್ಲೇ ಹೊರತು ನಗಲಿಲ್ಲ. ಜ್ವರ ಏನಾದ್ರೂ ಇದ್ಯಾ ಮುಟ್ಟಿ ನೋಡು.’

ಗಂಡ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದ. ಅಂದರೆ ವಿಷಯ ದೊಡ್ಡದು ಎಂದರ್ಥ. ‘ಏನಾಯ್ತೇ?’

ಲೇಪಕ್ಕ ಎಲ್ಲ ಹೇಳಿದಳು. ಓಣಿಯ ಕಥೆ ಬಂದಾಗ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದರು, ಬೆನ್ನು ಮಾತ್ರ ಕುಣಿಯುತ್ತಿತ್ತು. ಗಂಡ ಕೈಯಲ್ಲಿದ್ದ ಅಂಗಿಯ ತೋಳನ್ನು ತಿರುಗಿಸಿ ಹೊಲಿಗೆ ನೋಡಿದ.

‘ಹೊಲಿಗೆ ತಪ್ಪಿದ್ರೆ ನಾನು ಬಿಚ್ತೀನಪ್ಪ’ ಎಂದ. ‘ಮೇಲಿಂದ ಇಸ್ತ್ರಿ ಹೊಡೆದ್ರೆ ಹೋಗಲ್ಲ ಅದು.’

‘ಬಿಚ್ಚಿದ್ರೆ ಕೋಣೆ ಹೋಗತ್ತೆ ರೀ.’

‘ಹೋಗತ್ತೆ’ ಎಂದು ಅವನು ಒಪ್ಪಿಕೊಂಡ. ‘ಆದ್ರೆ ಆ ಹೆಣ್ಣುಮಗಳು ಇನ್ನೂ ನೆಲದ ಮೇಲೆ ಮಲಗಿದ್ದಾಳಲ್ಲ.’ ಅಷ್ಟು ಹೇಳಿ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡ.

ಮಾರನೆಯ ಬೆಳಗ್ಗೆ ಅಳತೆಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಅಳತೆಗಾರ್ತಿಯ ಕಣ್ಣು ಬತ್ತಿಹೋಗಿತ್ತು. ನಾಲ್ಕು ತಿಂಗಳ ಅಂಕಿಗಳನ್ನು ಅಳಿಸಲು ಅವಳ ಬೆರಳು ಗುಂಡಿಯ ಹತ್ತಿರ ಹೋಗಿತ್ತು. ಲೇಪಕ್ಕ ಮುಂದೆ ಬಂದಳು.

‘ತಡೀರಿ, ಅಳಿಸ್ಬೇಡಿ. ಆ ಉಬ್ಬು ನಂದು.’

ಯಾರಿಗೂ ಅರ್ಥವಾಗಲಿಲ್ಲ.

‘ಬಿಲ್ಲೆ ಮೇಲೆ ನನ್ನ ಕಣ್ಣೀರು ಬಿತ್ತು. ಯಾರಿಗೂ ಹೇಳದೆ ಸುಟ್ಟೆ. ಕೋಣೆ ಹೋಗತ್ತೆ ಅಂತ ಹೆದರಿದ್ದೆ. ಇವರ ಕೇಬಲ್ ಸರಿಯಾಗಿವೆ.’

ಕೋಣೆಯಲ್ಲಿ ಗಾಬರಿಯೆದ್ದಿತು. ಕಣ್ಣೀರು ಎಂದದ್ದೇ ತಡ, ಉಗ್ರಾಣದವರು ಕುರ್ಚಿ ತಂದರು, ಒಬ್ಬರು ನೀರು ತಂದರು. ‘ಯಾಕಮ್ಮಾ, ಮನೇಲಿ ಏನಾದ್ರೂ ತೊಂದ್ರೆನಾ?’ ಎಂದರು ಮೇಷ್ಟ್ರು ಗದ್ಗದರಾಗಿ. ಬೆಸುಗೆಯವರು ತೋಳು ಮಡಿಚಿಕೊಂಡು, ‘ಬೇಕಾದ್ರೆ ನಾನು ಬಂದು ನಿಮ್ಮನೆಯವರ ಹತ್ರ ಮಾತಾಡ್ತೀನಿ ಅಕ್ಕ’ ಎಂದರು. ಬಾಯಲ್ಲಿ ಸೂಜಿ ಕಚ್ಚಿಕೊಂಡ ತನ್ನ ಪಾಪದ ಗಂಡನೂ ಈ ಆಜಾನುಬಾಹುವೂ ಎದುರುಬದುರಾಗಿ ಕೂತ ಚಿತ್ರ ಕಣ್ಣ ಮುಂದೆ ಬಂದು ಲೇಪಕ್ಕನ ತುಟಿ ಅದುರಿತು.

‘ಅಳಲಿಲ್ಲ ಮೇಷ್ಟ್ರೇ, ನಕ್ಕೆ. ನಕ್ಕಿದ್ದಕ್ಕೆ ನೀರು ಬಂತು.’

ಮೇಷ್ಟ್ರು ಹಲಗೆಯ ಕಡೆ ಹಾರಿದರು ಎಂದೇ ಹೇಳಬೇಕು. ‘ಕಣ್ಣೀರಲ್ಲಿ ಉಪ್ಪು! ಉಪ್ಪಲ್ಲಿ ಸೋಡಿಯಂ! ಪೊಟ್ಯಾಸಿಯಂ ತೂಕ ಮೂವತ್ತೊಂಬತ್ತು, ಸೋಡಿಯಂ ಬರೀ ಇಪ್ಪತ್ತಮೂರು. ಎರಡಕ್ಕೂ ನಾವು ಕೊಡೋ ನೂಕು ಒಂದೇ. ಹಗುರ ಇದ್ದೋನು ಮುಂಚೆ ಓಡ್ತಾನೆ! ಪೊಟ್ಯಾಸಿಯಂ ನೂರು ಎಣಿಸೋ ಹೊತ್ತಿಗೆ ಬಂದ್ರೆ ಸೋಡಿಯಂ ಎಪ್ಪತ್ತೇಳಕ್ಕೇ ಬರಬೇಕು. ನೋಡು ತಾಯಿ, ನಿನ್ನ ಉಬ್ಬು ಎಲ್ಲಿದೆ?’

ಅಳತೆಗಾರ್ತಿ ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ‘ಎಪ್ಪತ್ತೇಳು’ ಎಂದಳು. ಆಮೇಲೆ ಕಿರುಚಿದಳು: ‘ಎಪ್ಪತ್ತೇಳೂ! ನನ್ನ ಅಳತೆ ಸರಿಯಾಗಿದೆ! ಒಂದೇ ಒಂದು ಹನಿ ಕಣ್ಣೀರನ್ನೂ ಹಿಡಿದುಬಿಟ್ಟಿದೆ ನನ್ನ ಅಳತೆ!’ ಕುರ್ಚಿ ಉರುಳಿಸಿ ಬಂದು ಲೇಪಕ್ಕನನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ಎರಡು ದಿನ ನೆಲದ ಮೇಲೆ ಮಲಗಿಸಿದವಳನ್ನು ಬೈಯಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಇನ್ನೊಂದು ಸುತ್ತು ತಿರುಗಿಸಿದ ಮೇಲೆ ಹೊಳೆಯಿತು. ‘ಆದ್ರೂ ಮೊದಲೇ ಹೇಳ್ಬಾರ್ದಿತ್ತಾ ಅಕ್ಕ? ನನ್ನ ಸೊಂಟ ಹಿಡ್ಕೊಂಡಿದೆ’ ಎಂದಳು.

‘ಕಣ್ಣೀರಲ್ಲಿ ಸ್ವಲ್ಪ ಪೊಟ್ಯಾಸಿಯಮ್ಮೂ ಇರತ್ತೆ’ ಎಂದು ಮೇಷ್ಟ್ರು ಸಮಾಧಾನದ ದನಿಯಲ್ಲಿ ಸೇರಿಸಿದರು. ‘ಪೂರ್ತಿ ಹಾಳೇನಲ್ಲ.’

ನಗುತ್ತಿದ್ದವರೆಲ್ಲ ಮೇಡಂ ಕಡೆ ನೋಡಿ ನಗು ನುಂಗಿದರು. ಮೇಡಂ ಮುಖ ಗೋಡೆಯಂತಿತ್ತು. ‘ಮಧ್ಯಾಹ್ನ ನಿಮ್ಮ ಕೋಣೆಗೆ ಬರ್ತೀನಿ’ ಎಂದಷ್ಟೇ ಹೇಳಿ ಹೊರಟುಹೋದರು.

ಮಧ್ಯಾಹ್ನದವರೆಗೆ ಲೇಪಕ್ಕ ಸುಮ್ಮನೆ ಕೂರಲಿಲ್ಲ. ಕೋಣೆ ಉಳಿಯಲಿ ಬಿಡಲಿ, ತಾನು ಕೆಡಿಸಿದ್ದನ್ನು ತಾನೇ ಸರಿಮಾಡಿ ಹೋಗಬೇಕೆಂದು ಹೊಸ ಬಿಲ್ಲೆ ತೆಗೆದು ಮೊದಲ ಪದರ ಹಚ್ಚಿದಳು. ಕುಂಚದ ಒಂದೊಂದು ಎಳೆತಕ್ಕೂ ಇದೇ ಕೊನೆಯದೇನೋ ಅನಿಸಿತು. ಕನ್ನಡಕ ಮಾತ್ರ ಕಣ್ಣಿನ ಮೇಲೆಯೇ ಇತ್ತು.

ಮೇಡಂ ಬಂದರು. ಅವರೂ ನಿಯಮದಂತೆ ಕೈಗವಸು ಹಾಕಿಕೊಂಡಿದ್ದರು, ಆದರೆ ಒಂದು ಕ್ಷಣದ ಮಾತಿಗೆ ಕನ್ನಡಕ ಯಾಕೆಂದು ಹಾಕಿಕೊಂಡಿರಲಿಲ್ಲ. ಬಿಲ್ಲೆಯಿದ್ದ ತಟ್ಟೆಯ ಮೇಲೆ ಬಗ್ಗಿ ನೋಡಿದರು.

‘ಐದಾರು ದಿನ ಮುಚ್ಚಿಟ್ರಿ. ಅದು ತಪ್ಪು.’

‘ಹೌದು ಮೇಡಂ.’

‘ಇಷ್ಟಕ್ಕೂ ಯಾವುದಕ್ಕೆ ನಕ್ಕಿದ್ದು?’

ಲೇಪಕ್ಕ ನೆಲ ನೋಡಿದಳು. ಬಿಟ್ಟುಬಿಡಿ ಮೇಡಂ ಎಂದಳು. ಮೇಡಂ ಬಿಡಲಿಲ್ಲ. ‘ದಾಖಲೆಗೆ ಕಾರಣ ಬೇಕು’ ಎಂದರು.

‘ನಿಮ್ಮನ್ನ ನೋಡಿ ಮೇಡಂ.’

‘ನನ್ನನ್ನ?’

‘ಅಂದ್ರೆ... ನಿಮ್ಮನ್ನ ಅಂತಲ್ಲ, ನೀವು ಕಾಣಿಸ್ತಾನೇ ಇರ್ಲಿಲ್ಲ. ಉಗ್ರಾಣದವರು ಮೇಲಿದ್ರು. ಅವರ ಮೇಲೆ ಕಾವಲುಗಾರರು. ನಿಮ್ಮ ಕೈ ಒಂದು ಹೊರಗಿತ್ತು. ಆ ಕೈ ನೆಲದ ಮೇಲಿದ್ದ ಹಾಳೆಗಳನ್ನ ಪುಟದ ಪ್ರಕಾರ ಜೋಡಿಸ್ತಾ ಇತ್ತು.’ ಲೇಪಕ್ಕನಿಗೆ ಇನ್ನು ನಿಲ್ಲಿಸಲಾಗಲಿಲ್ಲ. ‘ಮೇಷ್ಟ್ರು ಪ್ಲಾಸ್ಮಾ ಮರೆತೆ ಅಂತ ಕೂಗಿದ್ರು. ಅಷ್ಟು ಜನರ ಅಡಿಯಿಂದ ನೀವು ಮೀಟಿಂಗಲ್ಲಿ ಕೇಳೋ ಹಾಗೇ ಕೇಳಿದ್ರಿ, ಇದು ಯಾವ ಪ್ರಯೋಗ ಅಂತ...’

ಮೇಡಂ ಬಾಯಿಯ ಎಡಗಡೆಯ ಮೂಲೆ ಅಲುಗಿತು. ಅವರು ಅದನ್ನು ತಡೆಯಲು ನೋಡಿದರು. ಬಲಗಡೆಯದೂ ಅಲುಗಿತು. ಬಿಕ್ಕಳಿಕೆಯಂಥ ಸದ್ದೊಂದು ಬಂತು, ಮತ್ತೊಂದು ಬಂತು. ಆಮೇಲೆ ಬಹಳ ವರ್ಷದಿಂದ ಮುಚ್ಚಿದ್ದ ಕಿಟಕಿ ತೆರೆದಂತೆ ಕಿರ್ರೆಂದು ಶುರುವಾಗಿ, ಮೇಡಂ ನಕ್ಕರು. ಮೇಜು ಹಿಡಿದುಕೊಂಡು, ತಟ್ಟೆಯ ಮೇಲೆ ಬಗ್ಗಿಕೊಂಡು ನಕ್ಕರು. ಅವರ ಕಣ್ಣಲ್ಲಿ ನೀರು ತುಂಬಿ, ರೆಪ್ಪೆಯ ಅಂಚಿಗೆ ಬಂದು ನಿಂತಿತು.

‘ತಲೆ ಹಿಂದಕ್ಕೆ!’ ಎಂದು ಲೇಪಕ್ಕ ಅರಚಿದಳು. ಒಂದು ಕೈಯಲ್ಲಿ ತಟ್ಟೆಗೆ ಮುಚ್ಚಳ ಬಡಿದು, ಇನ್ನೊಂದು ಕೈಯನ್ನು ಪ್ರಯೋಗಾಲಯದ ಮುಖ್ಯಸ್ಥೆಯ ಹಣೆಗಿಟ್ಟು ಹಿಂದಕ್ಕೆ ನೂಕಿದಳು. ಮೇಡಂ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಒರಗಿದರು. ಅವರ ತಲೆಯ ಮೇಲೆ ‘ಕನ್ನಡಕ ತೆಗೆಯುವವರು ಹೊರಗೆ ಹೋಗಿ ತೆಗೆಯಿರಿ’ ಎಂಬ ದಪ್ಪಕ್ಷರ. ತಾನು ಮಾಡಿದ್ದೇನೆಂದು ಆಗ ತಿಳಿದು ಲೇಪಕ್ಕ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಮೇಡಂ ಕಣ್ಣೊರೆಸಿಕೊಂಡು, ತಲೆಯೆತ್ತಿ ಬರಹ ಓದಿ, ಹೊರಗೆ ಹೋದರು. ಓಣಿಯಲ್ಲಿ ಮತ್ತೊಂದು ಸುತ್ತು ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತು ಉಗ್ರಾಣದವರನ್ನು ಕೂಗಿದರು.

‘ಈ ಪೆಟ್ಟಿಗೆ ಉಗ್ರಾಣಕ್ಕೆ ಹಾಕಿ. ಈಗ ಬೇಡ.’ ಲೇಪಕ್ಕನ ಕಡೆ ತಿರುಗಿ, ಹಳೆಯ ದನಿಯನ್ನು ಕಷ್ಟಪಟ್ಟು ಹುಡುಕಿಕೊಂಡರು. ‘ಯಂತ್ರ ಚೆನ್ನಾಗೇ ಲೇಪ ಹಾಕತ್ತೆ. ಆದ್ರೆ ಅದರ ಮೇಲೆ ಏನಾದ್ರೂ ಬಿದ್ರೆ ಬಂದು ಹೇಳಲ್ಲ. ನೀವು ತಡವಾಗಿಯಾದ್ರೂ ಹೇಳಿದ್ರಿ. ಮುಂದಿನ ಸಲ ಅವತ್ತೇ ಹೇಳಿ.’

ಲೇಪಕ್ಕ ತಲೆಯಾಡಿಸಿದಳು.

ಆ ಹೊಸ ಬಿಲ್ಲೆ ಕುಲುಮೆಯಿಂದ ಹೊರಬಂದು ಯಂತ್ರದೊಳಗೆ ಕೂತ ದಿನ, ಅವಳು ಮುಂದಿನ ಬಿಲ್ಲೆಗೆ ಮಣ್ಣು ಅರೆಯುತ್ತಿದ್ದವಳು ಕೆಲಸ ಬಿಟ್ಟು, ಕೈಗವಸು ಕನ್ನಡಕ ಸಮೇತ ಅಳತೆಯ ಕೋಣೆಗೆ ಓಡಿ ಬಂದಳು. ಮೇಷ್ಟ್ರು ಹತ್ತರಿಂದ ಕೆಳಕ್ಕೆ ಎಣಿಸಿದರು, ಮೂರಕ್ಕೆ ಬಂದಾಗ ಉತ್ಸಾಹಕ್ಕೆ ಎರಡು ಮರೆತು ಒಂದು ಎಂದರು. ಠಪ್ ಎಂದು ಸದ್ದಾಯಿತು. ಪರದೆಯ ಮೇಲೆ ಒಂದೇ ಒಂದು ಗುಡ್ಡ ಎದ್ದಿತು. ಸೂಜಿಯಂತೆ ಚೂಪು, ಮುಂದೆ ಬಯಲು, ಹಿಂದೆ ಬಯಲು. ಇಷ್ಟು ವರ್ಷದಲ್ಲಿ ಅಷ್ಟು ಚೂಪಾದದ್ದು ಯಾರೂ ಕಂಡಿರಲಿಲ್ಲ. ಕೋಟಿ ಕೋಟಿ ಅಯಾನುಗಳು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದವು, ಜಗಳ ಬಿಟ್ಟು ಒಂದೇ ಕ್ಷಣಕ್ಕೆ ಬಂದು ಸೇರಿದ್ದವು.

ಮೇಷ್ಟ್ರು ಕುಣಿದರು. ಅಳತೆಗಾರ್ತಿ ಸೊಂಟ ಹಿಡಿದುಕೊಂಡೇ ಕುಣಿದಳು. ಮೇಡಂ ಹಿಂದೆ ನಿಂತು ಬಿಕ್ಕಳಿಸಿದಂಥ ಸದ್ದು ಮಾಡಿದರು. ಅದು ಏನೆಂದು ಈಗ ಎಲ್ಲರಿಗೂ ಗೊತ್ತಿತ್ತು. ಲೇಪಕ್ಕನ ಖುಷಿಗೆ ಮಾತ್ರ ಎಲ್ಲೆಯೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೂತು ನಕ್ಕಳು, ಎದ್ದು ನಕ್ಕಳು. ಕಣ್ಣೀರು ಕನ್ನಡಕದೊಳಗೇ ಇಳಿದು ಅಡಿಯಲ್ಲಿ ತುಂಬಿಕೊಳ್ಳತೊಡಗಿತು. ಅವಳು ಅದನ್ನು ತೆಗೆಯಲಿಲ್ಲ. ಆಮೇಲೆ ತೆಗೆಯುವುದನ್ನೇ ಮರೆತಳು.

ಸಂಜೆ ಹಾಗೆಯೇ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಆಚೆ ಸರಿದು ಕೂತರು. ತರಕಾರಿ ಅಂಗಡಿಯವಳು ತಕ್ಕಡಿ ಕೈಯಲ್ಲಿ ಹಿಡಿದುಕೊಂಡೇ ಬಾಯಿಬಿಟ್ಟು ನೋಡಿದಳು. ಬಾಗಿಲು ತೆರೆದ ಅತ್ತೆ ‘ಅಯ್ಯೋ ದೇವರೇ’ ಎಂದು ಒಳಗೆ ಕೂಗಿದರು. ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು, ಎದ್ದು ಬಂದು, ಅವಳ ಕನ್ನಡಕವನ್ನು ಎರಡು ಕೈಯಲ್ಲಿ ಮೆಲ್ಲಗೆ ಬಿಚ್ಚಿದ. ಒಳಗಿನ ನೀರು ಅವನ ಅಂಗೈಗೆ ಬಿತ್ತು.

‘ಏನಾಯ್ತೇ?’

‘ಎಲ್ಲಾರೂ ಒಟ್ಟಿಗೆ ಬಂದ್ರು ರೀ’ ಎಂದಳು ಲೇಪಕ್ಕ.